ಮೊದಲು ಗಾಳಿ, ಆಮೇಲೆ ವೇಗ

ಕಲಬುರಗಿಯಲ್ಲಿ ಮನೆಬಳಕೆಯ ಡೆಸ್ಕ್‌ಟಾಪ್‌ಗಳನ್ನು ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಓವರ್‌ಕ್ಲಾಕ್ ಮಾಡಿಕೊಡಿ, ಅಂದರೆ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸಿಕೊಡಿ, ಎಂದು ಬರುವ ಹುಡುಗರಿಗೆ ನಾನು ಹೇಳುವುದು ಒಂದೇ ಮಾತು: ಈಗಿರುವ ವೇಗವನ್ನೇ ನಿಮ್ಮ ಕಂಪ್ಯೂಟರ್ ಪೂರ್ತಿ ಕೊಡುತ್ತಿದೆಯೇ, ಮೊದಲು ಅದನ್ನು ನೋಡೋಣ. ಹೆಚ್ಚಿನ ಸಲ ಕೊಡುತ್ತಿರುವುದಿಲ್ಲ.

1. ಲೆಕ್ಕ ಶುರುವಾಗುವುದು ಕೋಣೆಯ ಬಿಸಿಯಿಂದ. ಏರ್ ಕೂಲರ್ ಇರಲಿ, ದುಬಾರಿ ಲಿಕ್ವಿಡ್ ಕೂಲರ್ ಇರಲಿ, ಕೋಣೆಯ ಗಾಳಿಗಿಂತ ಪ್ರೊಸೆಸರನ್ನು ತಣ್ಣಗೆ ಮಾಡಲು ಎರಡಕ್ಕೂ ಆಗದು. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ತೋರಿಸುವ ಪ್ರೊಸೆಸರ್, ಅದೇ ಕೆಲಸಕ್ಕೆ 40 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 85ಕ್ಕೆ ಏರುತ್ತದೆ. 95–100ರ ಹತ್ತಿರ ಬಂದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎ.ಸಿ. ಕೋಣೆಯಲ್ಲಿ ಕೂತು ಮಾಡಿದ ವಿಡಿಯೊಗಳ ಅಂಕಿಗಳನ್ನು ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಕ್ಕೆ ಅನ್ವಯಿಸಬೇಡಿ. ಡಿಸೆಂಬರ್‌ನಲ್ಲಿ ಗಟ್ಟಿಯಾಗಿ ನಿಂತ ಓವರ್‌ಕ್ಲಾಕ್ ಬೇಸಿಗೆಯಲ್ಲಿ ನಿಲ್ಲುತ್ತದೆಂಬ ಭರವಸೆ ಇಲ್ಲ.

2. ದೂಳು ತೆಗೆಯುವುದಕ್ಕೂ ಕ್ರಮವಿದೆ. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿ ನೋಡಿ. ಹೀಟ್‌ಸಿಂಕ್‌ನ ತೆಳು ಪಟ್ಟಿಗಳ ನಡುವೆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಮೇಲಿನಿಂದ ಊದಿದರೆ ಅದು ಅಲುಗುವುದಿಲ್ಲ. ಪೇಂಟ್ ಬ್ರಶ್‌ನಿಂದ ಸಡಿಲಿಸಿ, ಆಮೇಲೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿರಲೇಬೇಕು. ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಥರ್ಮಲ್ ಪೇಸ್ಟ್ ಕೆಲವು ವರ್ಷಗಳಲ್ಲಿ ಒಣಗಿ ಸೀಮೆಸುಣ್ಣದ ಪುಡಿಯ ಹಾಗಾಗುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು. ಎಎಂಡಿಯ ಎಎಂ4 ಬೋರ್ಡ್‌ಗಳಲ್ಲಿ ಒಂದು ಎಚ್ಚರ ಬೇಕು. ಅಲ್ಲಿ ಪ್ರೊಸೆಸರ್‌ನ ತಳದಲ್ಲೇ ಸೂಜಿಯಂಥ ಪಿನ್‌ಗಳಿರುತ್ತವೆ. ಕೂಲರನ್ನು ನೇರ ಮೇಲಕ್ಕೆ ಜಗ್ಗಿದರೆ, ಅಂಟಿಕೊಂಡ ಪ್ರೊಸೆಸರ್ ಲಾಕ್ ಹಾಕಿದ್ದರೂ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಗ್ಗುತ್ತದೆ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಎತ್ತಿ. ಇಂಟೆಲ್ ಜತೆ ಬರುವ ಕೂಲರ್ ಆದರೆ ನಾಲ್ಕು ಪುಶ್‌ಪಿನ್‌ಗಳನ್ನು ಎದುರುಬದುರು ಮೂಲೆಯ ಜೋಡಿಯಾಗಿ ಒತ್ತಿ. ಮದರ್‌ಬೋರ್ಡ್‌ನ ಹಿಂಬದಿಯಲ್ಲಿ ನಾಲ್ಕೂ ಪೂರ್ತಿ ಹೊರಬಂದಿವೆಯೇ ಎಂದು ಕಣ್ಣಾರೆ ನೋಡಿಯೇ ಸ್ವಿಚ್ ಹಾಕಿ. ಒಂದು ಪಿನ್ ಕೂರದಿದ್ದರೂ ಹೀಟ್‌ಸಿಂಕ್ ವಾಲುತ್ತದೆ, ತಾಪ ಸರ್ರನೆ ಏರುತ್ತದೆ.

3. ಕಂಪ್ಯೂಟರ್ ಟೇಬಲ್ಲಿನ ಮರದ ಗೂಡಿನಿಂದ ಕ್ಯಾಬಿನೆಟ್ಟನ್ನು ಹೊರಗಿಡಿ. ಮುಂದಿನ ಫ್ಯಾನ್ ಗಾಳಿ ಒಳಗೆಳೆಯಬೇಕು, ಹಿಂದಿನದು ಹೊರಹಾಕಬೇಕು. ಮುಂಭಾಗ ಪೂರ್ತಿ ಗಾಜಿರುವ, ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್‌ಗಿಂತ ಜಾಲರಿ ಇರುವುದೇ ನಮ್ಮ ಊರುಗಳಿಗೆ ಲಾಯಕ್ಕು. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಿಡಿದರೆ ತಾಪ ಇಳಿಯುವುದು ನಿಜ. ಆದರೆ ದೂಳಿನ ಜತೆ ಹಲ್ಲಿ, ಜಿರಳೆಗಳಿಗೂ ದಾರಿಯಾಗುತ್ತದೆ.

4. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲಿನ ದೊಡ್ಡ ಅಕ್ಷರ ನಂಬಬೇಡಿ, ಸಣ್ಣ ಅಕ್ಷರ ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ವಿದ್ಯುತ್ ಪಡೆಯುವುದು 12 ವೋಲ್ಟ್ ಲೈನಿನಿಂದ. ಡಬ್ಬಿಯ ಮೇಲೆ 450 ವ್ಯಾಟ್ ಎಂದಿದ್ದು, ಲೇಬಲ್‌ನಲ್ಲಿ 12 ವೋಲ್ಟ್‌ಗೆ 18 ಆಂಪಿಯರ್ ಎಂದಷ್ಟೇ ಇದ್ದರೆ ನಿಮಗೆ ಒದಗುವುದು 216 ವ್ಯಾಟ್. ಇಂಥದ್ದರ ಮೇಲೆ ಓವರ್‌ಕ್ಲಾಕ್ ಮಾಡುವ ಮಾತೇ ಬೇಡ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಸೋರುವ ಅಲ್ಪ ಕರೆಂಟ್‌ಗೆ ನೆಲಕ್ಕಿಳಿಯಲು ದಾರಿ ಇಲ್ಲದಿದ್ದಾಗ ಹಾಗಾಗುತ್ತದೆ. ಮೊದಲು ಪರೀಕ್ಷಿಸಬೇಕಾದದ್ದು ಮನೆಯ ಅರ್ಥಿಂಗ್. ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇದು ಕಂಪ್ಯೂಟರಿಗಿಂತ ಮನೆಮಂದಿಯ ಜೀವಕ್ಕೆ ಸಂಬಂಧಿಸಿದ್ದು.

5. ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿಗೆ ಹಾಕಿ. ಚದುರಿಬಿದ್ದ ಸಣ್ಣ ಫೈಲುಗಳನ್ನು ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಸಲ ಹುಡುಕಿ ಓದಬಲ್ಲದು. ಸಾಧಾರಣ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ. ಈ ಅಂತರವನ್ನು ಯಾವ ಓವರ್‌ಕ್ಲಾಕೂ ತುಂಬಲಾರದು.

ನಂತರದ್ದು ರ‍್ಯಾಮ್. 8 ಜಿಬಿಯ ಎರಡು ಸ್ಟಿಕ್‌ಗಳನ್ನು ಮದರ್‌ಬೋರ್ಡ್ ಪುಸ್ತಿಕೆ ಹೇಳುವ ಸ್ಲಾಟ್‌ಗಳಲ್ಲೇ ಹಾಕಿ. ನಾಲ್ಕು ಸ್ಲಾಟ್‌ಗಳಿದ್ದರೆ ಅವು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. 3200 ಎಂದು ಬರೆದ ಎಷ್ಟೋ ಡಿಡಿಆರ್4 ಸ್ಟಿಕ್‌ಗಳು ಮದರ್‌ಬೋರ್ಡ್‌ನ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡುವವರೆಗೆ 2133ರಲ್ಲೋ 2400ರಲ್ಲೋ ಓಡುತ್ತಿರುತ್ತವೆ.

ಪ್ರೊಸೆಸರ್ ಬದಲಿಸುವ ಮುನ್ನ ಬೋರ್ಡ್ ತಯಾರಕರ ಪಟ್ಟಿ ನೋಡಿ. 2017ರಲ್ಲಿ ಕೊಂಡ ಅನೇಕ ಎಎಂ4 ಬೋರ್ಡ್‌ಗಳು ಬಯೋಸ್ ಅಪ್‌ಡೇಟ್ ಮಾಡಿದರೆ 2022ರ ರೈಜೆನ್ 7 5800ಎಕ್ಸ್3ಡಿಯನ್ನೂ ಒಪ್ಪುತ್ತವೆ. ಹಳೆಯ ಪ್ರೊಸೆಸರ್ ಕೂತಿರುವಾಗಲೇ ಅಪ್‌ಡೇಟ್ ಮುಗಿಸಿ, ಅದೂ ಯುಪಿಎಸ್ ಮೇಲೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು.

6. ಓವರ್‌ಕ್ಲಾಕ್‌ನ ಸುವರ್ಣಕಾಲ ಮುಗಿದಿದೆ. 1998ರ ಸೆಲೆರಾನ್ 300ಎ ಪ್ರೊಸೆಸರನ್ನು 66 ಮೆಗಾಹರ್ಟ್ಸ್ ಬದಲು 100 ಮೆಗಾಹರ್ಟ್ಸ್ ಬಸ್‌ಗೆ ಏರಿಸಿದರೆ 300 ಇದ್ದದ್ದು 450 ಮೆಗಾಹರ್ಟ್ಸ್ ಆಗುತ್ತಿತ್ತು. 2011ರ ಕೋರ್ ಐ5 2500ಕೆ ಪ್ರೊಸೆಸರ್ ಮೂಲತಃ 3.3 ಗಿಗಾಹರ್ಟ್ಸ್‌ನದು, ಒಳ್ಳೆಯ ಏರ್ ಕೂಲರ್ ಇದ್ದರೆ 4.5ರವರೆಗೆ ಓಡುತ್ತಿತ್ತು. ಇಂದಿನ ಪ್ರೊಸೆಸರ್‌ಗಳು ಬೂಸ್ಟ್ ಹೆಸರಿನಲ್ಲಿ ತಮ್ಮ ಮಿತಿಯ ಅಂಚಿಗೆ ತಾವೇ ಹೋಗಿ ನಿಲ್ಲುತ್ತವೆ. ನಮಗೆ ಉಳಿದಿರುವುದು ಅತ್ಯಲ್ಪ.

ಅದಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು. ವಿದ್ಯುತ್ ಬಳಕೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೋಲ್ಟೇಜನ್ನೂ ವೇಗವನ್ನೂ ಶೇ. 10ರಷ್ಟು ಏರಿಸಿದರೆ ಬಿಸಿ ಶೇ. 33ರಷ್ಟು ಏರಿತೆಂದೇ ಲೆಕ್ಕ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕ್ರ್ಯಾಶ್ ಆಗುತ್ತಿದ್ದುದಕ್ಕೆ ಮಿತಿಮೀರಿದ ವೋಲ್ಟೇಜ್ ಕಾರಣ ಎಂದು 2024ರಲ್ಲಿ ಕಂಪನಿಯೇ ತಿಳಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಪ್ರೊಸೆಸರ್ ಇರುವವರು ಬಯೋಸ್ ಅಪ್‌ಡೇಟ್ ಮಾಡದೆ ಒಂದು ದಿನವೂ ಇರಬಾರದು.

7. ನಾನೀಗ ಹೆಚ್ಚಾಗಿ ಮಾಡುವುದು ಅಂಡರ್‌ವೋಲ್ಟ್, ಅಂದರೆ ಪ್ರೊಸೆಸರಿಗೆ ಹೋಗುವ ವೋಲ್ಟೇಜ್ ಇಳಿಸುವುದು. ರೈಜೆನ್ ಬೋರ್ಡ್‌ಗಳಲ್ಲಿ ವಿದ್ಯುತ್ ಮಿತಿ ತಗ್ಗಿಸುವ ಇಕೊ ಮೋಡ್ ಇದೆ, ಹೊಸ ಮಾದರಿಗಳಲ್ಲಿ ವೋಲ್ಟೇಜ್ ಇಳಿಸಲು ಕರ್ವ್ ಆಪ್ಟಿಮೈಜರ್ ಇದೆ. ವೋಲ್ಟೇಜ್ ತುಸು ಇಳಿದರೆ ತಾಪ ಇಳಿಯುತ್ತದೆ, ಫ್ಯಾನ್ ಸದ್ದು ತಗ್ಗುತ್ತದೆ. ಬಿಸಿಗೆ ಹೆದರಿ ಕುಂಟುತ್ತಿದ್ದ ಪ್ರೊಸೆಸರ್ ಬೇಸಿಗೆಯಲ್ಲೂ ತನ್ನ ಪೂರ್ತಿ ಬೂಸ್ಟ್ ವೇಗ ಹಿಡಿದು ನಿಲ್ಲುತ್ತದೆ.

8. ವಿಂಡೋಸ್ ತೆರೆದುಕೊಂಡಿತು ಎಂದ ಮಾತ್ರಕ್ಕೆ ಸೆಟ್ಟಿಂಗ್ ಸರಿಯಿದೆ ಎಂದಲ್ಲ. ಒಂದೊಂದೇ ಸೆಟ್ಟಿಂಗ್ ಬದಲಿಸಿ, ಪ್ರತಿಯೊಂದಕ್ಕೂ ಪರೀಕ್ಷೆ ನಡೆಸಿ. ರ‍್ಯಾಮ್‌ಗೆ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಲಿ, ಪ್ರೊಸೆಸರ್‌ಗೆ ಪ್ರೈಮ್95 ಓಡಲಿ, ತಾಪದ ಮೇಲೆ ಎಚ್‌ಡಬ್ಲ್ಯುಇನ್ಫೊದಲ್ಲಿ ಕಣ್ಣಿಡಿ. ರ‍್ಯಾಮ್ ಒಂದು ಬಿಟ್ ತಪ್ಪಿದರೂ ಪರದೆ ಎಚ್ಚರಿಸುವುದಿಲ್ಲ. ಕಾಪಿ ಮಾಡಿದ ಫೋಟೊ ತಿಂಗಳ ನಂತರ ತೆರೆದಾಗ ಅರ್ಧ ಬೂದಿಬಣ್ಣವಾಗಿರಬಹುದು. ಆದ್ದರಿಂದ ಮನೆಯವರ ಫೋಟೊ, ಮಕ್ಕಳ ಪ್ರಾಜೆಕ್ಟ್, ದಾಖಲೆಪತ್ರ ಎಲ್ಲವನ್ನೂ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ, ಆ ಡ್ರೈವನ್ನು ಕಂಪ್ಯೂಟರಿನಿಂದ ಕಳಚಿಟ್ಟು, ಆಮೇಲಷ್ಟೇ ಬಯೋಸ್‌ಗೆ ಕೈ ಹಾಕಿ.