ಎಲ್. ಇ. ಡಿ. ದೀಪಗಳೂ ಪೈರಿನ ರಾತ್ರಿಯೂ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಲ್ಲಿಂದ ಮುಂದೆ ಬಹುಕಾಲದವರೆಗೆ ವಿದ್ಯುದ್ದೀಪವೆಂದರೆ ಕಾದು ಕೆಂಪಾದ ತಂತಿಯ ಬಲ್ಬು, ಆ ಬಳಿಕ ಟ್ಯೂಬ್ ಲೈಟು, ದೊಡ್ಡ ಬೀದಿಗಳಲ್ಲಿ ಪಾದರಸದ ಅಥವಾ ಸೋಡಿಯಮ್ಮಿನ ದೀಪ, ಇಷ್ಟೇ ಆಗಿದ್ದಿತು. ಈಗ ಇವೆಲ್ಲವುಗಳ ಸ್ಥಾನವನ್ನು ಎಲ್. ಇ. ಡಿ. ದೀಪವು ಆಕ್ರಮಿಸಿಕೊಂಡಿರುತ್ತದೆ. ಭಾರತ ಸರ್ಕಾರದವರು 2015ನೆಯ ಇಸವಿ ಜನವರಿ ತಿಂಗಳಲ್ಲಿ ಉಜಾಲಾ ಯೋಜನೆಯನ್ನು ಆರಂಭಿಸಿದರು. ಕರ್ನಾಟಕದಲ್ಲಿ ಅದೇ ವರ್ಷ ಇದು ‘ಹೊಸ ಬೆಳಕು’ ಎಂಬ ಹೆಸರಿನಿಂದ ಜಾರಿಗೆ ಬಂದಿತು. ಈ ಯೋಜನೆಯ ಮೂಲಕ ದೇಶದಲ್ಲಿ 36 ಕೋಟಿಗೂ ಮಿಕ್ಕಿ ಬಲ್ಬುಗಳು ಹಂಚಲ್ಪಟ್ಟವು. 2014ರಲ್ಲಿ ಸರ್ಕಾರಕ್ಕೆ 310 ರೂಪಾಯಿಗಳಿಗೆ ಬಿದ್ದ ಒಂದು ಬಲ್ಬು, ಸಗಟು ಖರೀದಿಯ ಬಲದಿಂದ 2016ರಲ್ಲಿ 38 ರೂಪಾಯಿಗಳಿಗೆ ಇಳಿದುದು ವ್ಯಾಪಾರದ ಚರಿತ್ರೆಯಲ್ಲಿಯೇ ಅಪರೂಪವಾದ ಸಂಗತಿ.

ದೀಪವು ಅಗ್ಗವಾದಾಗ ಅದರ ಸಂಖ್ಯೆಯು ಹೆಚ್ಚುವುದು ಸಹಜ. ಹಿಂದೆ ಊರ ಬಾಗಿಲಿನಲ್ಲಿಯೂ ದೇವಸ್ಥಾನದ ಮುಂದೆಯೂ ಒಂದೊಂದು ದೀಪವಿದ್ದ ಗ್ರಾಮಗಳಲ್ಲಿ ಈಗ ಹೊಲದಂಚಿನ ಕಂಬಗಳಿಗೂ ದೀಪ ಬಂದಿದೆ. ತೋಟದ ಮನೆ, ದನದ ಕೊಟ್ಟಿಗೆ, ಕೋಳಿಯ ಮನೆ, ಹೂವಿನ ಸಾಲು, ಎಲ್ಲೆಲ್ಲಿಯೂ ಬೆಳಕು. ಇದರಿಂದ ಹಣದ ಉಳಿತಾಯವುಂಟೆಂಬುದನ್ನು ಎಲ್ಲರೂ ಬಲ್ಲರು. ಆದರೆ ರಾತ್ರಿಯ ಬೆಳಕು ಪೈರಿನ ಮೇಲೆ ಮಾಡುವ ಪರಿಣಾಮವನ್ನು ಬಲ್ಲವರು ಕಡಿಮೆ. ತಕ್ಕಂತೆ ಬಳಸಿದಲ್ಲಿ ಈ ಪರಿಣಾಮವು ಲಾಭಕರವಾದುದು. ಅರಿಯದೆ ಹೋದಲ್ಲಿ ಒಂದು ಬೆಳೆಯೇ ಕೈಬಿಟ್ಟು ಹೋಗಬಹುದು.

ದೀಪದ ಸ್ವರೂಪ

ತಂತಿಯ ಬಲ್ಬಿನಲ್ಲಿ ವಿದ್ಯುತ್ತು ಮೊದಲು ಶಾಖವಾಗಿ, ಆ ಶಾಖದ ಒಂದು ಚೂರು ಮಾತ್ರ ಬೆಳಕಾಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚಿನ ಶಕ್ತಿಯು ಬಿಸಿಯಾಗಿ ವ್ಯರ್ಥವಾಗುವುದು. ಎಲ್. ಇ. ಡಿ. ದೀಪದಲ್ಲಿ ಕಾಯಬೇಕಾದ ತಂತಿಯೇ ಇಲ್ಲ. ಸಾಸಿವೆಯ ಗಾತ್ರದ ಒಂದು ಸ್ಫಟಿಕದಲ್ಲಿ ಎರಡು ಬಗೆಯ ಪದರಗಳಿದ್ದು, ಅವು ಕೂಡುವ ಎಡೆಯಲ್ಲಿ ವಿದ್ಯುತ್ಕಣಗಳು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಂತೆ ಇಳಿಯುತ್ತವೆ. ಇಳಿಯುವಾಗ ಬಿಟ್ಟುಕೊಡುವ ಶಕ್ತಿಯು ನೇರವಾಗಿ ಬೆಳಕಾಗುತ್ತದೆ. ಇಂಥ ಮಂದವಾದ ಬೆಳಕನ್ನು ಇಂಗ್ಲೆಂಡಿನ ರೌಂಡ್ ಎಂಬುವರು 1907ರಲ್ಲಿಯೇ ಕಂಡಿದ್ದರು. ಅಮೆರಿಕದ ಹೊಲೋನ್ಯಾಕ್ ಎಂಬುವರು 1962ರಲ್ಲಿ ಕೆಂಪು ಬೆಳಕಿನ ದೀಪವನ್ನು ಮಾಡಿದರು. ನೀಲಿಯ ಬೆಳಕು ಮಾತ್ರ ಮತ್ತೆ ಮೂವತ್ತು ವರ್ಷ ಕೈಗೆ ಸಿಕ್ಕಲಿಲ್ಲ. ಜಪಾನ್ ದೇಶದ ಅಕಸಾಕಿ, ಅಮಾನೊ ಮತ್ತು ನಕಮುರ ಎಂಬ ಮೂವರು ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನಿಂದ ಅದನ್ನು ಸಾಧಿಸಿದರು. ಅವರಿಗೆ 2014ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಇಂದಿನ ಬಿಳಿಯ ದೀಪವು ವಾಸ್ತವವಾಗಿ ನೀಲಿಯ ದೀಪವೇ: ಸ್ಫಟಿಕದ ಮೇಲೆ ಬಳಿದ ಹಳದಿಯ ಲೇಪವು ನೀಲಿಯ ಒಂದು ಭಾಗವನ್ನು ಹೀರಿ ಹಳದಿಯಾಗಿ ಹೊರಚೆಲ್ಲಲು, ಎರಡೂ ಬೆರೆತು ಕಣ್ಣಿಗೆ ಬಿಳುಪಾಗಿ ತೋರುತ್ತದೆ. ಲೇಪವು ಹೆಚ್ಚಿದಲ್ಲಿ ಬೆಳಕು ಅರಿಸಿನದ ಛಾಯೆಗೆ ತಿರುಗುತ್ತದೆ. ಪೊಟ್ಟಣದ ಮೇಲಿನ 2700 ಅಥವಾ 3000 ಕೆಲ್ವಿನ್ ಎಂಬ ಅಂಕೆಯು ಅರಿಸಿನ ಛಾಯೆಯನ್ನೂ, 6500 ಎಂಬುದು ನೀಲಿ ಬೆರೆತ ಬಿಳುಪನ್ನೂ ಸೂಚಿಸುತ್ತದೆ. ಈ ಅಂಕೆಯನ್ನು ನೆನಪಿನಲ್ಲಿಡತಕ್ಕದ್ದು. ಮುಂದೆ ಕೆಲಸಕ್ಕೆ ಬರುವುದು.

ಕೊಳ್ಳುವಾಗ

ದೀಪವನ್ನು ವ್ಯಾಟಿನ ಲೆಕ್ಕದಲ್ಲಿ ಕೊಳ್ಳುವುದು ಹಳೆಯ ಅಭ್ಯಾಸ. ವ್ಯಾಟು ಎಂಬುದು ದೀಪವು ತಿನ್ನುವ ಆಹಾರದ ಲೆಕ್ಕವೇ ಹೊರತು ಕೊಡುವ ಬೆಳಕಿನದಲ್ಲ. ಎತ್ತನ್ನು ಅದು ಮೇಯುವ ಹುಲ್ಲಿನಿಂದ ಬೆಲೆಕಟ್ಟುವವರಿಲ್ಲವಷ್ಟೆ. ಬೆಳಕಿನ ಅಳತೆಗೆ ಲೂಮೆನ್ ಎಂದು ಹೆಸರು. 60 ವ್ಯಾಟಿನ ತಂತಿಯ ಬಲ್ಬು ಸುಮಾರು 700 ಲೂಮೆನ್ ಕೊಡುತ್ತಿದ್ದಿತು. ಒಳ್ಳೆಯ 9 ವ್ಯಾಟಿನ ಎಲ್. ಇ. ಡಿ. ಬಲ್ಬು ಸುಮಾರು 900 ಕೊಡುತ್ತದೆ. ಅದೇ 9 ವ್ಯಾಟಿನ ಕಳಪೆಯ ಬಲ್ಬು ಇದಕ್ಕಿಂತ ಬಹಳ ಕಡಿಮೆ ಕೊಡಬಹುದು. ಲೂಮೆನ್ನನ್ನು ನಮೂದಿಸದ ದೀಪವನ್ನು ಪಂಚಾಯಿತಿಯ ಹಣದಿಂದ ಕೊಳ್ಳುವುದು ಸಲ್ಲದು. ಬಲ್ಬುಗಳಿಗೆ ಐ. ಎಸ್. 16102 ಎಂಬ ಭಾರತೀಯ ಮಾನಕದ ಗುರುತೂ, 2018ರ ಜನವರಿಯಿಂದ ಕಡ್ಡಾಯವಾಗಿರುವ ನಕ್ಷತ್ರದ ಚೀಟಿಯೂ ಇರಬೇಕು.

‘25,000 ಗಂಟೆ ಬಾಳಿಕೆ’ ಎಂಬ ಮಾತಿಗೂ ಅರ್ಥವನ್ನು ತಿಳಿಯಬೇಕು. ಸಾಮಾನ್ಯವಾಗಿ ಇದು ದೀಪವು ಆರಿಹೋಗುವ ಕಾಲವಲ್ಲ. ಅದರ ಬೆಳಕು ಮೊದಲಿನ ನೂರಕ್ಕೆ ಎಪ್ಪತ್ತಕ್ಕೆ ಇಳಿಯುವ ಕಾಲ. ಅಷ್ಟು ದಿನ ಬಾಳದೆ ದೀಪವು ಮಧ್ಯದಲ್ಲಿಯೇ ಕೆಟ್ಟಲ್ಲಿ, ದೋಷವು ಹೆಚ್ಚಾಗಿ ಸ್ಫಟಿಕದ್ದಾಗಿರದೆ, ಅದಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ‘ಡ್ರೈವರ್’ ಎಂಬ ಭಾಗದ್ದಾಗಿರುತ್ತದೆ. ಹಳ್ಳಿಯ ತಂತಿಗಳಲ್ಲಿ ವೋಲ್ಟೇಜು ಏರಿಳಿಯುವುದು, ಸಿಡಿಲಿನ ಕಾಲದಲ್ಲಿ ಹಠಾತ್ತನೆ ನುಗ್ಗುವುದು, ದೀಪದ ಶಾಖವು ಹೊರಹೋಗಲು ದಾರಿಯಿಲ್ಲದಿರುವುದು, ಇವೇ ಅದರ ಶತ್ರುಗಳು. ಮುಚ್ಚಿದ ಗಾಜಿನ ಬುರುಡೆಯೊಳಗೆ ಬಲ್ಬನ್ನು ಇಡುವುದು ಈ ಕಾರಣದಿಂದಲೇ ತಪ್ಪು. ಬೀದಿಯ ದೀಪಕ್ಕೆ ಧೂಳು ನೀರುಗಳನ್ನು ತಡೆಯುವ ಐ. ಪಿ. 65ರ ದರ್ಜೆಯನ್ನೂ, ಸಿಡಿಲಿನ ಹೊಡೆತಕ್ಕೆ ರಕ್ಷಣೆಯನ್ನೂ ಕೇಳಿ ಪಡೆಯತಕ್ಕದ್ದು.

ಉಳಿತಾಯದ ಲೆಕ್ಕವು ಸುಲಭವಾದುದು. ಹಳೆಯ ಟ್ಯೂಬ್ ಲೈಟು ಚೋಕು ಸೇರಿ ಸುಮಾರು 52 ವ್ಯಾಟನ್ನು ಎಳೆಯುತ್ತಿದ್ದಿತು. ಅದರ ಬದಲು 20 ವ್ಯಾಟಿನ ಎಲ್. ಇ. ಡಿ. ದೀಪವನ್ನು ರಾತ್ರಿ 11 ಗಂಟೆಗಳ ಕಾಲ ಉರಿಸಿದಲ್ಲಿ 100 ದೀಪಗಳಿಂದ ವರ್ಷಕ್ಕೆ ಸುಮಾರು 12,800 ಯೂನಿಟ್ಟುಗಳು ಉಳಿಯುತ್ತವೆ. ಆದರೆ ಅನೇಕ ಗ್ರಾಮಗಳಲ್ಲಿ ದೀಪವು ಹಗಲಿನಲ್ಲಿಯೂ ಉರಿಯುತ್ತಿರುವುದು ಕಂಡುಬರುತ್ತದೆ. 20 ವ್ಯಾಟಿನ ದೀಪವು ಹಗಲಿನ 13 ಗಂಟೆಗಳೂ ಉರಿದಲ್ಲಿ ಈ ಉಳಿತಾಯದ ಮುಕ್ಕಾಲು ಪಾಲು ಕೊಚ್ಚಿಹೋಗುತ್ತದೆ. ಹೊತ್ತಿಗೆ ಸರಿಯಾಗಿ ಆರಿಸುವ ಒಂದು ಟೈಮರಿನ ಬೆಲೆ ಇದರ ಮುಂದೆ ಏನೇನೂ ಅಲ್ಲ.

ಪೈರು ರಾತ್ರಿಯನ್ನು ಎಣಿಸುವುದು

ಅಮೆರಿಕದ ವ್ಯವಸಾಯ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳಿಗೆ ಒಂದು ತಂಬಾಕಿನ ತಳಿಯು ಒಗಟಾಗಿದ್ದಿತು. ಬೇಸಗೆಯ ಹೊಲದಲ್ಲಿ ಆಳೆತ್ತರ ಮೀರಿ ಬೆಳೆದರೂ ಅದು ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಗಿಡ್ಡಾಗಿದ್ದಾಗಲೇ ಬಿಡುತ್ತಿದ್ದಿತು. ಸೋಯಾ ಅವರೆಯನ್ನು ವಾರ ವಾರ ಬೇರೆಯಾಗಿ ಬಿತ್ತಿದರೂ ಎಲ್ಲ ಮಡಿಗಳೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಹೂವಾಗುತ್ತಿದ್ದವು. ಗಿಡಗಳನ್ನು ಮಧ್ಯಾಹ್ನವೇ ಕತ್ತಲೆಯ ಗುಡಿಸಲಿಗೆ ಸೇರಿಸಿ ಹಗಲನ್ನು ಮೊಟಕುಮಾಡಲು, ಅವು ಬೇಸಗೆಯಲ್ಲಿಯೂ ಹೂ ಬಿಟ್ಟವು. ಹಗಲಿನ ಉದ್ದವೇ ಹೂವಿನ ಕಾಲವನ್ನು ನಿರ್ಣಯಿಸುವುದೆಂದು ಅವರು 1920ರಲ್ಲಿ ಪ್ರಕಟಿಸಿದರು. ಮುಂದೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ಹೊರಗೆಡಹಿದರು. ಗಿಡವು ನಿಜವಾಗಿ ಅಳೆಯುವುದು ರಾತ್ರಿಯನ್ನು. ದೀರ್ಘವಾದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಆ ರಾತ್ರಿಯು ಎರಡು ತುಂಡಾಗಿ, ಗಿಡದ ಪಾಲಿಗೆ ಲೆಕ್ಕಕ್ಕೇ ಬಾರದು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣವಸ್ತುವು ಈ ಗಡಿಯಾರದ ಮುಳ್ಳು. ಕೆಂಪು ಬೆಳಕು ಅದನ್ನು ಎಲ್ಲಕ್ಕಿಂತ ಬಲವಾಗಿ ತಿರುಗಿಸುತ್ತದೆ.

ಹೂವಿನ ಬೆಳೆಗಾರರು ಈ ತತ್ತ್ವವನ್ನೇ ಬಳಸುತ್ತಾರೆ. ಸೇವಂತಿಗೆಯು ದೀರ್ಘರಾತ್ರಿಯಲ್ಲಿ ಹೂ ಬಿಡುವ ಜಾತಿ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದವಾದ ಹಗಲೂ 13 ಗಂಟೆಗಳಿಗೆ ಕೊಂಚ ಕಡಿಮೆಯೇ. ಚಳಿಗಾಲಕ್ಕೆ ಮುನ್ನ ನೆಟ್ಟ ಸಸಿಯು ಎತ್ತರವಾಗುವ ಮೊದಲೇ ಮೊಗ್ಗನ್ನು ಹೊತ್ತುಕೊಂಡು, ತೊಟ್ಟು ಗಿಡ್ಡಾಗಿ, ಹೂವು ಕಡಿಮೆಯಾಗುವುದು. ಇದನ್ನು ತಡೆಯಲು ಸಾಲುಗಳ ಮೇಲೆ ದೀಪಗಳನ್ನು ತೂಗುಹಾಕಿ, ನಡುರಾತ್ರಿಯಲ್ಲಿ ಮೂರು ನಾಲ್ಕು ಗಂಟೆ ಉರಿಸುತ್ತಾರೆ. ಕೆಲವು ವಾರಗಳಲ್ಲಿ ಗಿಡವು ಬೇಕಾದ ಎತ್ತರಕ್ಕೆ ಬಂದ ಮೇಲೆ ದೀಪವನ್ನು ನಿಲ್ಲಿಸಲು, ತೋಟವೆಲ್ಲ ಒಟ್ಟಿಗೆ ಮೊಗ್ಗಾಗುತ್ತದೆ. ಹಬ್ಬದ ಸಂತೆಗೆ ಸರಿಯಾಗಿ ಹೂವನ್ನು ತರುವವರ ಗುಟ್ಟು ಇಷ್ಟೆ.

ಇಲ್ಲಿ ಎಲ್. ಇ. ಡಿ. ದೀಪದ ಉಪಕಾರವು ಎಷ್ಟೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ಹತ್ತಡಿಗೆ ಒಂದರಂತೆ ಚೌಕವಾಗಿ ತೂಗಿದಲ್ಲಿ ಎಕರೆಗೆ ಸುಮಾರು 435 ದೀಪಗಳು ಬೇಕು. 60 ವ್ಯಾಟಿನ ತಂತಿಯ ಬಲ್ಬುಗಳಾದರೆ ನಾಲ್ಕು ಗಂಟೆಗಳಿಗೆ 104 ಯೂನಿಟ್ಟು. 9 ವ್ಯಾಟಿನ ಎಲ್. ಇ. ಡಿ.ಯಾದರೆ 16ಕ್ಕೂ ಕಡಿಮೆ. ಮೇಲಾಗಿ ಬೆಳಕನ್ನು ಎಡೆಬಿಡದೆ ಕೊಡಬೇಕಾದುದೂ ಇಲ್ಲ. ಪ್ರತಿ ಅರ್ಧ ಗಂಟೆಗೆ ಹತ್ತು ನಿಮಿಷದಂತೆ ಬಿಟ್ಟು ಬಿಟ್ಟು ಕೊಟ್ಟರೂ ಸೇವಂತಿಗೆಗೆ ಸಾಕಾಗುವುದೆಂದು ಪ್ರಯೋಗಗಳಿಂದ ತಿಳಿದಿದೆ. ದೀಪದ ಬಣ್ಣವು ಅರಿಸಿನ ಛಾಯೆಯದಾಗಲಿ ಕೆಂಪಾಗಲಿ ಇರಬೇಕು. 6500 ಕೆಲ್ವಿನ್ನಿನ ದೀಪದಲ್ಲಿ ಕೆಂಪಿನ ಅಂಶವು ಕಡಿಮೆ.

ಡ್ರ್ಯಾಗನ್ ಹಣ್ಣಿನ ಗಿಡವು ಇದಕ್ಕೆ ತೀರ ವಿರುದ್ಧ. ಅದು ಮೊಗ್ಗಾಗಲು ರಾತ್ರಿಯು ಗಿಡ್ಡಾಗಿರಬೇಕು. ಆದಕಾರಣ ಮಳೆಗಾಲವು ಕಳೆದು ಹಗಲು ಕುಗ್ಗಿದೊಡನೆ ಅದರ ಹೂವು ನಿಂತುಹೋಗುತ್ತದೆ. ವಿಯೆಟ್ನಾಂ ದೇಶದ ಬಿನ್ ತುವಾನ್ ಪ್ರದೇಶದ ರೈತರು ಚಳಿಗಾಲದಲ್ಲಿ ಗಿಡಗಳ ನಡುವೆ ದೀಪವಿಟ್ಟು, ರಾತ್ರಿಯನ್ನು ತುಂಡುಮಾಡಿ, ಅಕಾಲದಲ್ಲಿ ಫಲವನ್ನು ಪಡೆಯುತ್ತ ಬಂದಿದ್ದಾರೆ. ಮೊದಲು ತಂತಿಯ ಬಲ್ಬಿನಿಂದ, ಈಗ ಎಲ್. ಇ. ಡಿ.ಯಿಂದ. ಹೀಗೆ ಒಂದೇ ದೀಪವು ಸೇವಂತಿಗೆಯ ಹೂವನ್ನು ತಡೆಯುತ್ತದೆ, ಡ್ರ್ಯಾಗನ್ ಗಿಡದ ಹೂವನ್ನು ತರಿಸುತ್ತದೆ. ಪಕ್ಕದ ತೋಟದವನು ಮಾಡಿದನೆಂದು ಬೆಳೆಯ ಜಾತಿಯನ್ನು ವಿಚಾರಿಸದೆ ದೀಪ ಕಟ್ಟುವವನು ಕೆಡುವುದು ಇಲ್ಲಿಯೇ.

ಬೀದಿಯ ದೀಪವೂ ಅವರೆಯ ಹೊಲವೂ

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ನಾಟಿ ಅವರೆ, ಸೋಯಾ ಅವರೆ, ತೊಗರಿ, ಹುಚ್ಚೆಳ್ಳು, ಇವು ದೀರ್ಘರಾತ್ರಿಯನ್ನು ಬೇಡುವ ಬೆಳೆಗಳು. ರಾಗಿಯ ಅಕ್ಕಡಿಯಲ್ಲಿ ಬಿತ್ತಿದ ಸೊಗಡಿನ ಅವರೆಯು ಚಳಿಗಾಲದವರೆಗೆ ಕಾಯುವುದು ಇದರಿಂದಲೇ. ಹೊಲದಂಚಿನ ಕಂಬದಲ್ಲಿ ರಾತ್ರಿಯೆಲ್ಲ ಉರಿಯುವ ದೀಪವಿದ್ದಲ್ಲಿ, ಅದರ ಬೆಳಕು ಬೀಳುವಷ್ಟು ಜಾಗದಲ್ಲಿ ಗಿಡವು ಹಸುರಾಗಿ ಹಬ್ಬುತ್ತ, ಹೂ ಬಿಡುವುದನ್ನು ಮುಂದೂಡುತ್ತದೆ. ಬೀದಿ ದೀಪದ ಬಳಿಯ ಸೋಯಾ ಅವರೆಯು ಉಳಿದ ಹೊಲವೆಲ್ಲ ಒಣಗಿ ನಿಂತಾಗಲೂ ಹಸುರಾಗಿಯೇ ಉಳಿಯುವುದು ಬೇರೆ ದೇಶಗಳಲ್ಲಿ ಚೆನ್ನಾಗಿ ಪರಿಚಿತವಾದ ನೋಟ. ಬೆಳದಿಂಗಳಿಗೆ ಗಿಡವು ಹೀಗೆ ಮೋಸಹೋಗದು. ಹುಣ್ಣಿಮೆಯ ಬೆಳಕು 0.3 ಲಕ್ಸಿಗೂ ಮೀರದು, ಕಂಬದ ಬುಡದಲ್ಲಿ ಅದರ ಹತ್ತಾರು ಮಡಿ ಇರುತ್ತದೆ. ಇಂಥ ಮೂಲೆಯನ್ನು ಗೊಬ್ಬರ ಹೆಚ್ಚಾಯಿತೆಂದೋ ಬೀಜ ಕೆಟ್ಟಿತೆಂದೋ ತಪ್ಪಾಗಿ ತಿಳಿಯುವುದುಂಟು.

ಇದು ಎಲ್. ಇ. ಡಿ.ಯ ದೋಷವೆಂದು ಹೇಳುವುದು ನ್ಯಾಯವಲ್ಲ. ಹಳೆಯ ಸೋಡಿಯಮ್ಮಿನ ದೀಪವೂ ಇದನ್ನೇ ಮಾಡುತ್ತಿದ್ದಿತು. ದೀಪವು ಅಗ್ಗವಾಗಿ ಕಂಬಗಳು ಹೊಲದತ್ತ ಸರಿದುದೇ ಹೊಸತು. ಬಣ್ಣವನ್ನು ಬದಲಾಯಿಸಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ: ಅರಿಸಿನ ಛಾಯೆಯ ದೀಪಕ್ಕೆ ಹುಳುಗಳು ಕಡಿಮೆ ಮುತ್ತಿದರೂ, ಅದರ ಕೆಂಪಿನ ಅಂಶವೇ ಪೈರಿನ ಗಡಿಯಾರವನ್ನು ಕೆಡಿಸುವುದು. ಬೇಕಾದುದು ಮರೆ. ಎಲ್. ಇ. ಡಿ. ದೀಪವು ಒಂದೇ ಕಡೆಗೆ ಬೆಳಕನ್ನು ಚೆಲ್ಲುವುದಾದ್ದರಿಂದ ಹೊಲದ ಕಡೆಗೆ ಒಂದು ತಗಡಿನ ಮರೆಯನ್ನು ಕಟ್ಟಿ, ದೀಪದ ಮುಖವನ್ನು ನೆಲಕ್ಕೆ ಸಮನಾಗಿ ತಿರುಗಿಸಲು ಬೀದಿಗೂ ಬೆಳಕುಂಟು, ಹೊಲಕ್ಕೂ ಕತ್ತಲೆಯುಂಟು. ಕಂಬವನ್ನು ಹೊಸದಾಗಿ ನೆಡುವಾಗ ದೂರವನ್ನು ಎರಡರಷ್ಟು ಮಾಡಿದಲ್ಲಿ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುವುದನ್ನೂ ನೆನೆಯಬೇಕು. ಮರೆ ಕಟ್ಟಲಾಗದ ಎಡೆಯಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದಿರುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ, ಹಗಲು ರಾತ್ರಿಗಳ ಉದ್ದವನ್ನು ಲಕ್ಷಿಸದ ತಳಿಗಳನ್ನು ಆ ಮೂಲೆಗೆ ಬಿತ್ತಬಹುದು.

ಹುಳು, ಕೋಳಿ ಮತ್ತು ತಂತಿ

ಹುಳುಗಳನ್ನು ಸೆಳೆಯುವುದು ನೇರಳೆಯಾಚೆಯ ಮತ್ತು ನೀಲಿಯ ಕಿರಣಗಳು. ಚಳ್ಳಕೆರೆ, ಪಾವಗಡಗಳ ಕಡೆಯ ಕಡಲೆಕಾಯಿಯ ಹೊಲಗಳಲ್ಲಿ ಮುಂಗಾರಿನ ಮೊದಲ ಹದಮಳೆಯ ಬಳಿಕ ಹೊರಡುವ ಕಂಬಳಿಹುಳುವಿನ ಚಿಟ್ಟೆಯನ್ನು ಹಿಡಿಯಲು ಬಲೆಯ ದೀಪವನ್ನಿಡುವಾಗ ಈ ಕಿರಣಗಳ ದೀಪವನ್ನೇ ಆರಿಸಬೇಕು. ಅರಿಸಿನ ಛಾಯೆಯ ಬಲ್ಬು ಬಲೆಗೆ ಕೆಲಸಕ್ಕೆ ಬಾರದು. ಸಂಜೆಯಿಂದ ಮೂರು ನಾಲ್ಕು ಗಂಟೆ ಉರಿಸಿದರೆ ಸಾಕು. ಬೆಳಗಿನವರೆಗೆ ಬಿಟ್ಟಲ್ಲಿ ರೈತನಿಗೆ ಉಪಕಾರ ಮಾಡುವ ಕೀಟಗಳೂ ಬೀಳುತ್ತವೆ.

ಮೊಟ್ಟೆಯಿಡುವ ಕೋಳಿಗಳಿಗೆ ಹಗಲೂ ದೀಪವೂ ಸೇರಿ 16 ಗಂಟೆಗಳ ಬೆಳಕು ರೂಢಿ. ಅರಿಸಿನ ಛಾಯೆಯ ಮಂದವಾದ ದೀಪವು ಸಾಕು. ಬೆಳೆಯುವ ಪಟ್ಟೆಗಳಿಗೆ ಬೆಳಕನ್ನು ಹೆಚ್ಚಿಸುವುದೂ, ಮೊಟ್ಟೆಯಿಡುತ್ತಿರುವವಕ್ಕೆ ಕಡಿಮೆ ಮಾಡುವುದೂ ಕೂಡದು.

ದೀಪವು ಸಣ್ಣದೆಂದು ತಂತಿಯನ್ನು ಅಲಕ್ಷ್ಯ ಮಾಡಲಾಗದು. ಒದ್ದೆಯ ನೆಲದ ಮೇಲೆ ನೂರಾರು ದೀಪಗಳನ್ನು ತೂಗುವಾಗ ಸುಲಿದ ತಂತಿಯನ್ನು ಗಂಟುಹಾಕಿ ಬಿಡುವುದರಿಂದ ಪ್ರಾಣಾಪಾಯವುಂಟು. ನೀರು ನುಗ್ಗದ ಹೋಲ್ಡರು, ಭೂಸಂಪರ್ಕ, ಸೋರುವ ವಿದ್ಯುತ್ತನ್ನು ಕಂಡೊಡನೆ ಕಡಿಯುವ ಸ್ವಿಚ್ಚು, ಇವು ಮೂರೂ ಇರಲೇಬೇಕು. ಪಂಪುಸೆಟ್ಟಿನ ಸಂಪರ್ಕದಿಂದ ದೀಪಕ್ಕೆ ತಂತಿಯೆಳೆಯುವ ಮೊದಲು ವಿದ್ಯುತ್ ಕಂಪೆನಿಯ ಶಾಖಾ ಕಛೇರಿಯಲ್ಲಿ ವಿಚಾರಿಸಿ ಒಪ್ಪಿಗೆಯನ್ನು ಪಡೆಯತಕ್ಕದ್ದು. ನಡುರಾತ್ರಿಯಲ್ಲಿ ಆ ತಂತಿಗೆ ವಿದ್ಯುತ್ತು ಬರುವುದೇ ಎಂಬುದನ್ನೂ ಸಸಿ ನೆಡುವುದಕ್ಕೆ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.