ಸಿರಿವಂತ ಜಿಲ್ಲೆಯ ಬಡ ಮನೆಗಳು: ಮಕ್ಕಳ ಅನ್ನದ ಹಕ್ಕು ಮತ್ತು ಕಾನೂನಿನ ದಾರಿ

ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ ಉಡುಪಿ, ವೈದ್ಯಕೀಯ ಶಿಕ್ಷಣಕ್ಕೆ ಹೆಸರಾದ ಮಣಿಪಾಲ, ಉಷ್ಣವಿದ್ಯುತ್ ಸ್ಥಾವರದ ಎಲ್ಲೂರು ಇವೆಲ್ಲ ಸೇರಿ ಉಡುಪಿ ಜಿಲ್ಲೆಗೆ ಸ್ಥಿತಿವಂತರ ನಾಡೆಂಬ ಹೆಸರು ತಂದಿವೆ. ಆದರೆ ಬೀಡಿ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುವ ಹೆಂಗಸಿನ ಮನೆಯೂ, ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ದುಡಿಮೆ ನಿಲ್ಲುವ ಕಾಪುವಿನ ಕುಟುಂಬವೂ, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ನೆಲೆಸಿದವರ ಮಕ್ಕಳೂ ಸರಾಸರಿ ವರಮಾನದ ಲೆಕ್ಕದಲ್ಲಿ ಕಾಣದೆ ಹೋಗುತ್ತಾರೆ. ಕಾನೂನು ಅಳೆಯುವುದು ಕುಟುಂಬದ ಸ್ಥಿತಿಯನ್ನೇ ಹೊರತು ಜಿಲ್ಲೆಯ ಹೆಸರನ್ನಲ್ಲ.

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ‘ಆದ್ಯತಾ ಕುಟುಂಬ’ದ, ಅಂದರೆ ಜನರ ಮಾತಿನಲ್ಲಿ ಬಿಪಿಎಲ್ ಕಾರ್ಡಿನ ಮನೆಯ, ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯವೂ, ಕಡುಬಡವರಿಗೆ ಮೀಸಲಾದ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ 35 ಕಿಲೋ ಧಾನ್ಯವೂ ಸಲ್ಲಬೇಕು. ಪಡಿತರ ಚೀಟಿಯಲ್ಲಿ 18 ವರ್ಷ ತುಂಬಿದ ಹಿರಿಯ ಮಹಿಳೆಯೇ ಮನೆಯ ಯಜಮಾನಿ ಎಂದು ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ಗಂಡನಿಂದ ದೂರವಾದ ತಾಯಂದಿರಿಗೆ ಇದು ದೊಡ್ಡ ಆಸರೆ. ಅರ್ಹರ ಒಟ್ಟು ಸಂಖ್ಯೆಯನ್ನು ಇಂದಿಗೂ 2011ರ ಜನಗಣತಿಯ ಮೇಲೆ ನಿಗದಿಪಡಿಸಿರುವುದರಿಂದ ಆಮೇಲೆ ಬಡತನಕ್ಕೆ ಬಿದ್ದ ಎಷ್ಟೋ ಮನೆಗಳು ಪಟ್ಟಿಯ ಹೊರಗೇ ಉಳಿದಿರುವುದು ಅನ್ಯಾಯವೇ ಸರಿ.

ಆದರೆ ಮಕ್ಕಳ ಊಟಕ್ಕೆ ಪಡಿತರ ಚೀಟಿಯ ಷರತ್ತಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಕಾಯ್ದೆಯ 5ನೆಯ ಕಲಮಿನಂತೆ 6 ತಿಂಗಳಿಂದ 6 ವರ್ಷದವರೆಗಿನ ಮಗುವಿಗೆ ಅಂಗನವಾಡಿಯಲ್ಲಿ, 14 ವರ್ಷದವರೆಗಿನ ಮಗುವಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಉಚಿತ ಆಹಾರ ಸಿಗಬೇಕು. 4ನೆಯ ಕಲಮು ಗರ್ಭಿಣಿ ಮತ್ತು ಬಾಣಂತಿಗೂ ಅಂಗನವಾಡಿಯ ಮೂಲಕ ಆಹಾರದ ಹಕ್ಕು ಕೊಡುತ್ತದೆ. ವಲಸೆ ಕುಟುಂಬದ ಮಗುವನ್ನು ವರ್ಗಾವಣೆ ಪತ್ರವೋ ಜನನ ಪ್ರಮಾಣಪತ್ರವೋ ಇಲ್ಲವೆಂಬ ನೆಪದಿಂದ ಶಾಲೆಗೆ ಸೇರಿಸದೆ ಕಳಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಗೆ ವಿರುದ್ಧ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ಚೀಟಿ ರದ್ದಾದವರ ಪಾಡು ಬೇರೆಯೇ. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಚೀಟಿಗಳು ರದ್ದಾದಾಗ ಜನರ ಆಕ್ಷೇಪಕ್ಕೆ ಮಣಿದ ಸರ್ಕಾರ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸುವುದಾಗಿ ಹೇಳಬೇಕಾಯಿತು. ಆದ್ದರಿಂದ ನ್ಯಾಯಬೆಲೆ ಅಂಗಡಿಯಲ್ಲಿ ‘ನಿಮ್ಮ ಹೆಸರಿಲ್ಲ’ ಎಂಬ ಬಾಯಿಮಾತು ಕೇಳಿ ಹಿಂದಿರುಗದೆ, ತಾಲ್ಲೂಕು ಕಚೇರಿಯ ಆಹಾರ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ರದ್ದತಿಯ ಕಾರಣವನ್ನು ಬರಹದಲ್ಲೇ ಕೇಳಿ, ಅರ್ಜಿಯ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಬೇಕು; ಮುಂದಿನ ಯಾವ ಮೇಲ್ಮನವಿಗೂ ಆ ಮೊಹರೇ ಆಧಾರ. ಅಲ್ಲಿ ಪರಿಹಾರ ಸಿಗದಿದ್ದರೆ ಕಾಯ್ದೆಯ 15ನೆಯ ಕಲಮಿನ ಜಿಲ್ಲಾ ಕುಂದುಕೊರತೆ ಪರಿಹಾರ ಅಧಿಕಾರಿಗೂ, ಅವರ ಆದೇಶದಿಂದ ತೃಪ್ತಿಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೂ ದೂರು ಒಯ್ಯಬಹುದು. ಸಲ್ಲಬೇಕಾದ ಧಾನ್ಯವನ್ನಾಗಲಿ ಊಟವನ್ನಾಗಲಿ ಸರ್ಕಾರ ಒದಗಿಸದಿದ್ದಲ್ಲಿ ಅದಕ್ಕೆ ಬದಲಾಗಿ ಆಹಾರ ಭದ್ರತಾ ಭತ್ಯೆ, ಅಂದರೆ ನಗದು ಹಣ, ಕೇಳಲು 8ನೆಯ ಕಲಮು ಅವಕಾಶ ಕೊಡುತ್ತದೆ.

ಬಡತನದ ಕಾರಣಕ್ಕೆ ಮಗುವನ್ನು ಬಾಲಮಂದಿರಕ್ಕೆ ಒಪ್ಪಿಸುವ ಯೋಚನೆ ಬಂದವರು ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ವಿಚಾರಿಸುವುದು ಒಳ್ಳೆಯದು. 2015ರ ಬಾಲನ್ಯಾಯ ಕಾಯ್ದೆ ಸಂಸ್ಥೆಗೆ ಸೇರಿಸುವುದನ್ನು ಕಟ್ಟಕಡೆಯ ಕ್ರಮವೆಂದು ಪರಿಗಣಿಸುತ್ತದೆ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ‘ಪ್ರಾಯೋಜಕತ್ವ’ದಡಿ ವಿಧವೆಯ ಅಥವಾ ಪರಿತ್ಯಕ್ತೆಯ ಮಗುವಿಗೆ ಮನೆಯಲ್ಲೇ ಬೆಳೆಯಲು ತಿಂಗಳಿಗೆ 4000 ರೂಪಾಯಿ ನೆರವು ಉಂಟು. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು; ಅರ್ಜಿಯನ್ನು ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬಹುದು ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.