ಗೀಸರ್‌ಗೂ ತಿಂಗಳಿಗೆ 65 ರೂಪಾಯಿ ತೆಗೆದಿಡಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ನೆಲ ಅಗೆದರೆ ಸಿಗುವುದು ಸುಣ್ಣದ ಕಲ್ಲು. ಇಲ್ಲಿನ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಅದರಿಂದ; ನಮ್ಮ ಮನೆಗಳಿಗೆ ಹಾಸಿದ ಪರಸಿಯೂ ಅದೇ. ಬೋರ್ ನೀರಿನಲ್ಲೂ ಅದೇ ಸುಣ್ಣ ಕರಗಿರುತ್ತದೆ. ಈ ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೀಸರ್ ಬೇಗ ಕೆಡುತ್ತದೆ ಎಂಬುದನ್ನು ಮಾತ್ರ ಯಾರೂ ಮನೆಖರ್ಚಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀರು ಕಾದಾಗ ಕರಗಿದ್ದ ಸುಣ್ಣ ಬಿಳಿ ಪೊರೆಯಾಗಿ ಕಾಯಿಲ್ ಮೇಲೆ ಕೂರುತ್ತದೆ. ಪೊರೆ ದಪ್ಪವಾದಷ್ಟೂ ಕಾಯಿಲ್‌ನ ಬಿಸಿ ನೀರಿಗೆ ದಾಟುವುದಿಲ್ಲ, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಟಾಕಿಗೆ ಇರುವ ಅಪಾಯ ತುಕ್ಕು. ಅದನ್ನು ತಡೆಯಲೆಂದೇ ಒಳಗೊಂದು ಮೆಗ್ನೀಷಿಯಂ ರಾಡ್ ಇರುತ್ತದೆ, ಆನೋಡ್ ರಾಡ್ ಎನ್ನುತ್ತಾರೆ. ಮೆಗ್ನೀಷಿಯಂ ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ. ಅದು ಸವೆಯುವವರೆಗೆ ಕಬ್ಬಿಣ ಉಳಿಯುತ್ತದೆ. ಹಡಗಿನ ತಾಮ್ರದ ತಗಡು ಉಳಿಸಲು 1824ರಲ್ಲಿ ಹಂಫ್ರಿ ಡೇವಿ ತೋರಿಸಿಕೊಟ್ಟ ಉಪಾಯವೇ ಇದು. ಗೀಸರ್ ಬಂದ್ ಇದ್ದರೂ ಟಾಕಿಯಲ್ಲಿ ನೀರಿದ್ದರೆ ರಾಡ್ ಸವೆಯುತ್ತಲೇ ಇರುತ್ತದೆ.

ನಮ್ಮ ಮನೆಯಲ್ಲಿ ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ, ಚಳಿ ಹತ್ತುವ ಮೊದಲು ಗೀಸರ್ ಬಿಚ್ಚಿಸುತ್ತೇನೆ. ಹೆಚ್ಚಿನ ಗೀಸರ್‌ಗಳಲ್ಲಿ ಕಾಯಿಲ್, ರಾಡ್ ಎರಡೂ ಒಂದೇ ಮುಚ್ಚಳಕ್ಕಿರುವುದರಿಂದ ಒಂದೇ ಕೆಲಸದಲ್ಲಿ ಎರಡನ್ನೂ ನೋಡಬಹುದು. "ರಾಡ್ ಸವ್ದು ಹೋಗ್ಯಾದ್ರಿ, ಟಾಕಿ ಚಲೋ ಅದ" ಎಂದು ಮೆಕ್ಯಾನಿಕ್ ಹೇಳಿದರೆ ನನಗೆ ಸಮಾಧಾನ. ರಾಡ್ ತನ್ನ ಕೆಲಸ ಮಾಡಿದೆ ಎಂದರ್ಥ. ಅರ್ಧಕ್ಕಿಂತ ತೆಳ್ಳಗಾಗಿದ್ದರೆ ಅಥವಾ ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಲೇಬೇಕು. ಜೊತೆಗೆ ರಬ್ಬರ್ ವಾಷರ್ ಕೂಡ ಹೊಸದು ಹಾಕಿಸಿ.

ಈಗ ಲೆಕ್ಕ ನೋಡಿ. ಗೀಸರ್‌ಗೆ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ ಟಾಕಿ ಸೋರಿದರೆ ವರ್ಷಕ್ಕೆ 2,000 ಬಿತ್ತು. ಪ್ರತಿವರ್ಷ ಸರ್ವೀಸ್‌ಗೆ 500, ಎರಡು ವರ್ಷಕ್ಕೊಮ್ಮೆ ರಾಡ್‌ಗೆ 500 ಹಿಡಿದರೆ ವರ್ಷಕ್ಕೆ 750. ಇದರಿಂದ ಟಾಕಿ ಹತ್ತು ವರ್ಷ ಬಾಳಿದರೆ ಅದರ ಪಾಲು 800. ಒಟ್ಟು 1,550. ವರ್ಷಕ್ಕೆ ಉಳಿಯುವುದು 450 ರೂಪಾಯಿ, ಜೊತೆಗೆ ಸುಟ್ಟ ಕಾಯಿಲ್ ಬದಲಿಸುವ ಖರ್ಚೂ ತಪ್ಪೀತು. ಮೊತ್ತ ಸಣ್ಣದೇ. ಆದರೆ ಸಂಬಳದವರಿಗೆ ತಿಂಗಳ ಕೊನೆಯಲ್ಲಿ 8,000 ಒಮ್ಮೆಲೇ ಹೊಂದಿಸುವುದು ಕಷ್ಟ. ಸರ್ವೀಸ್, ರಾಡ್‌ನ ವರ್ಷದ 750ಕ್ಕೆಂದು ತಿಂಗಳಿಗೆ 65 ತೆಗೆದಿಡುವುದು ಕಷ್ಟವಲ್ಲ.

ವಾರಂಟಿ ಇರುವಾಗ ಕಂಪನಿಯವರಿಂದಲೇ ಬಿಚ್ಚಿಸಿ, ರಸೀದಿ ಇಟ್ಟುಕೊಳ್ಳಿ. ಬಿಚ್ಚುವ ಮೊದಲು ಎಂಸಿಬಿ ಇಳಿಸಿ, ನೀರು ಆರಿದ ಮೇಲೆ ಟಾಕಿ ಖಾಲಿ ಮಾಡಿಸಿ. ಥರ್ಮೋಸ್ಟಾಟ್ 60 ಡಿಗ್ರಿ ದಾಟದಿರಲಿ, ಅದಕ್ಕಿಂತ ಹೆಚ್ಚಾದರೆ ಸುಣ್ಣ ಬೇಗ ಕಟ್ಟುತ್ತದೆ. ಹೊಸ ಗೀಸರ್ ಕೊಳ್ಳುವಾಗ ಸ್ಟಾರ್ ಎಷ್ಟು ಎಂದು ಕೇಳುವಂತೆ, ಇದರ ರಾಡ್ ನಮ್ಮೂರಲ್ಲಿ ಸಿಗುತ್ತದೆಯೇ ಎಂದೂ ಕೇಳಿ. ಸಿಗದಿದ್ದರೆ ಬೇರೆ ಗೀಸರ್ ನೋಡಿ.